ಗೋಳಗುಮ್ಮಟ ಬಿಟ್ಟು ನೀರಿನ ಬೆನ್ನು ಹತ್ತಿದ ನಡಿಗೆ

ಗೋಳಗುಮ್ಮಟವನ್ನು ಕೈಬಿಟ್ಟು ಬರೀ ಬಾವಡಿ (ಮೆಟ್ಟಿಲುಬಾವಿ) ಮತ್ತು ಗಂಜ್‌ಗಳ (ಹಳೆಯ ನೀರಿನ ಗೋಪುರಗಳ) ಮೇಲೆ ಭಾನುವಾರದ ನಡಿಗೆ ನಡೆಸುತ್ತೇನೆ ಎಂದಾಗ ವಿಜಯಪುರದ ನನ್ನ ಗೆಳೆಯರಲ್ಲಿ ಒಬ್ಬರೂ ಒಪ್ಪಲಿಲ್ಲ. “ಊರಾಗ ಇದ್ದವರಿಗೇ ಊರು ತೋರಸ್ತೀರೇನ್ರೀ? ಹಾಳ ಬಾವಡಿ ನೋಡಾಕ ರೊಕ್ಕ ಯಾರು ಕೊಡ್ತಾರ?” ಎಂದು ಹಿರಿಯ ಗೈಡ್ ಒಬ್ಬರು ನೇರವಾಗಿಯೇ ಕೇಳಿದ್ದರು. ಎರಡು ಚಳಿಗಾಲಗಳಲ್ಲಿ ಈಗ ಸುಮಾರು 30 ನಡಿಗೆಗಳಾಗಿವೆ, ಕೊನೆಯ 20ರಲ್ಲಿ ಒಂದು ಜಾಗವೂ ಖಾಲಿ ಉಳಿದಿಲ್ಲ. ಅದೇ ಹಿರಿಯರು ಕಳೆದ ಜನವರಿಯಲ್ಲಿ ಮೊಮ್ಮಗಳನ್ನು ಕರೆತಂದು, ಬೇಡವೆಂದರೂ ಇಬ್ಬರ ಶುಲ್ಕವನ್ನೂ ಕೊಟ್ಟು, ಕೊನೆಯವರೆಗೆ ನಡೆದರು.

ಅದಕ್ಕೂ ಮೊದಲಿನ ವರ್ಷ ನಾನು ಕಳೆದುಕೊಂಡದ್ದನ್ನು ಹೇಳಬೇಕು. ಸಾಠ್ ಕಬರ್, ಐನ್‌ಉಲ್‌ಮುಲ್ಕ್ ಗೋರಿ, ಕರೀಮುದ್ದೀನ್ ಮಸೀದಿ, ಚಾಂದ್ ಬಾವಡಿ, ಉಪಲಿ ಬುರುಜು ಎಲ್ಲವನ್ನೂ ಒಂದೇ ಬೆಳಗಿನಲ್ಲಿ ತೋರಿಸಲು ಹೊರಟಿದ್ದೆ. 1320ರ ಮಸೀದಿಯಿಂದ 1579ರ ಬಾವಡಿಗೆ, ಅಲ್ಲಿಂದ ಆದಿಲ್‌ಶಾಹಿ ಸೇನಾಪತಿ ಅಫ್ಜಲ್‌ಖಾನನ ಕಾಲದ ಸಾಠ್ ಕಬರ್‌ನ ಗೋರಿಗಳಿಗೆ ಜಿಗಿಯುವಾಗ ಜನರಿಗೆ ಹಿಡಿದು ನಡೆಯಲು ಒಂದು ಎಳೆಯೇ ಸಿಗುತ್ತಿರಲಿಲ್ಲ. ಮೂರನೆಯ ಜಾಗದಲ್ಲೇ ಫೋನುಗಳು ಕೈಗೆ ಬರುತ್ತಿದ್ದವು. ಉಚಿತವೆಂದು ಸಾರಿದ ಮೊದಲ ನಡಿಗೆಗೆ 45 ಜನ ಹೆಸರು ಕೊಟ್ಟು 9 ಜನ ಬಂದರು, ಆದರೆ 45 ಜನರ ಉಪ್ಪಿಟ್ಟು ಮಿರ್ಚಿಗೂ ಮಿನಿಬಸ್ಸಿಗೂ ನಾನೇ ದುಡ್ಡು ತೆತ್ತೆ. ಹೀಗೆ ಮೂರು ಸಲವಾಗಿ ಏನಿಲ್ಲವೆಂದರೂ 15,000 ರೂಪಾಯಿ ಹೋಯಿತು.

ದಾರಿ ತಿರುಗಿದ್ದು ಒಂದು ಗಂಜಿನ ಬುಡದಲ್ಲಿ. ನಲವತ್ತು ವರ್ಷ ಅದರ ಪಕ್ಕದಲ್ಲೇ ಓಡಾಡಿದ ನಿವೃತ್ತ ಶಿಕ್ಷಕರೊಬ್ಬರು ಅದನ್ನು ಕಾವಲು ಗೋಪುರವೆಂದೇ ತಿಳಿದಿದ್ದರು. ಬೇಗಂ ತಲಾಬ್ ಎಂಬ ಕೆರೆಯಿಂದ ನೆಲದೊಳಗಿನ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ಬರುತ್ತಿತ್ತು, ಒತ್ತಡಕ್ಕೆ ಕೊಳವೆ ಒಡೆಯದಂತೆ ಈ ಗೋಪುರಗಳು ಕಾಯುತ್ತಿದ್ದವು, ಹೂಳು ಇವುಗಳ ತಳದಲ್ಲಿ ಕುಳಿತು ತಿಳಿನೀರು ಮುಂದೆ ಹರಿಯುತ್ತಿತ್ತು ಎಂದು ನಾನು ವಿವರಿಸಿದಾಗ ಇಪ್ಪತ್ತು ನಿಮಿಷ ಯಾರೂ ಕದಲಲಿಲ್ಲ. ಅಂದೇ ಉಳಿದೆಲ್ಲ ಜಾಗಗಳನ್ನು ಪಟ್ಟಿಯಿಂದ ತೆಗೆದುಹಾಕಿದೆ.

ಈಗಿನ ನಡಿಗೆ ಬೆಳಿಗ್ಗೆ 6:15ಕ್ಕೆ ಮುಹಮ್ಮದ್ ಆದಿಲ್ ಶಾಹನ ಕಾಲದ, 1651ರ ಬೇಗಂ ತಲಾಬಿನ ದಂಡೆಯಲ್ಲಿ ಆರಂಭವಾಗಿ, ಎರಡು ಗಂಜ್‌ಗಳನ್ನು ಹಾದು, 1620ರ ತಾಜ್ ಬಾವಡಿಯಲ್ಲಿ ಮುಗಿಯುತ್ತದೆ. ಬಾವಡಿ ತಲಾಬಿಗಿಂತ ಹಳೆಯದಾದರೂ ಅದನ್ನು ಕೊನೆಗಿಟ್ಟಿದ್ದೇನೆ, ಏಕೆಂದರೆ ನೆಲದಡಿಯ ನೀರಿನ ಮಾತು ಕೇಳುತ್ತ ಬಂದವರಿಗೆ ಆ ದೊಡ್ಡ ಕಮಾನಿನಡಿ ಒಮ್ಮೆಲೇ ನೀರೇ ಕಾಣುತ್ತದೆ. ನಡುವಿನ ದೂರಕ್ಕೆ ಎರಡು ಟಂಟಂ ಆಟೊ ಹೇಳಿರುತ್ತೇನೆ. ಯಾವ ಗಂಜಿನ ಯಾವ ಮಗ್ಗುಲಲ್ಲಿ ಎಷ್ಟು ಹೊತ್ತಿಗೆ ನಿಂತರೆ ಕೊಳವೆಯ ಜಾಡು ಕಾಣುತ್ತದೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಎಂಟು ತಿಂಗಳು ಒಬ್ಬನೇ ತಿರುಗಿ ಕಂಡುಕೊಂಡದ್ದು ಅದು.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಸ್ಮಾರಕದ ಚೂರನ್ನು ಮುಟ್ಟದೆ ಕೊಳವೆಯನ್ನು ಕೈಗೆ ಕೊಡಬೇಕೆಂದು, ಒಂದು ತುದಿ ಕಿರಿದಾಗಿ ಇನ್ನೊಂದರ ಬಾಯೊಳಗೆ ಕೂರುವಂಥ ಆರು ತುಂಡುಗಳನ್ನು ಕುಂಬಾರರಿಂದ ಮಾಡಿಸಿದೆ. ಮೊದಲ ಸುಡುವಿಕೆಯಲ್ಲಿ ನಾಲ್ಕು ಸೀಳಿದವು. ಎರಡನೆಯ ಸಲ ಸಂದಿಗೆ ಬರೀ ಸುಣ್ಣ ಮೆತ್ತಿದ್ದರಿಂದ ಸೋರಿತು. ಮೂರನೆಯ ಸಲ ಸುಣ್ಣಕ್ಕೆ ಬೇರೊಂದನ್ನು ಬೆರೆಸಿದಾಗ ನೀರು ನಿಂತಿತು. ಎಲ್ಲ ಸೇರಿ 1,800 ರೂಪಾಯಿಯಷ್ಟಾಯಿತು, ಆದರೆ ಮಕ್ಕಳು ಒಂದು ತುದಿಯಲ್ಲಿ ಚೊಂಬಿನಿಂದ ನೀರು ಸುರಿದು, ಇನ್ನೊಂದು ತುದಿಗೆ ಅಂಗೈ ಒಡ್ಡಿ ಕಾಯುವುದನ್ನು ನೋಡಿದರೆ ಆ ಖರ್ಚು ನೆನಪಾಗುವುದಿಲ್ಲ. ನೆಲದಡಿ ನೀರು ತರುತ್ತಿದ್ದ ತೊರವಿಯ ಸುರಂಗವನ್ನೂ ಸೇರಿಸಿ ಎರಡು ಸಲ ಹೋಗಿ ಬಂದೆವು. ಬಾಡಿಗೆ ತಲೆಗೆ 100 ರೂಪಾಯಿ ಏರಿತು, ಸುರಂಗದ ಕಟ್ಟೆಯಿಲ್ಲದ ಬಾಯಿಗಳ ಹತ್ತಿರ ಮಕ್ಕಳನ್ನು ನಿಲ್ಲಿಸಲು ಮನಸ್ಸೂ ಒಪ್ಪಲಿಲ್ಲ, ಹಾಗಾಗಿ ಕೈಬಿಟ್ಟೆ.

ಲೆಕ್ಕ ಸರಳವಾಗಿದೆ. ತಲೆಗೆ 150 ರೂಪಾಯಿ, ಶುಕ್ರವಾರದೊಳಗೆ ಫೋನ್‌ಪೇಯಲ್ಲಿ ಮುಂಗಡ, ಗರಿಷ್ಠ 16 ಜನ. ಮುಂಗಡ ಕೊಟ್ಟವರು ಬಂದೇ ಬರುತ್ತಾರೆ. 2,400ರಲ್ಲಿ ಟಂಟಂಗಳಿಗೆ 700, ಸೂಸಲಾ ಮತ್ತು ಚಹಾಕ್ಕೆ 640ರ ಸುಮಾರು, ಜೊತೆಗಿರುವ ಹುಡುಗನಿಗೆ 300 ಹೋಗಿ ಏಳುನೂರು ಚಿಲ್ಲರೆ ಉಳಿಯುತ್ತದೆ. ಮಾರ್ಚ್ ನಡುವೆಯೇ ನಿಲ್ಲಿಸುತ್ತೇನೆ, ನಮ್ಮ ಬಿಸಿಲಿಗೆ ಎಂಟು ಗಂಟೆಗೇ ಗುಂಪು ನೆರಳು ಹುಡುಕತೊಡಗುತ್ತದೆ.

ಮುಂದಿನ ಚಳಿಗಾಲಕ್ಕೆ ಗುಂಪನ್ನು 25ಕ್ಕೆ ಏರಿಸಿರೆಂದು ಬಹಳ ಜನ ಕೇಳುತ್ತಿದ್ದಾರೆ. ನಾನು ಏರಿಸುವುದಿಲ್ಲ. ತಾಜ್ ಬಾವಡಿಯ ಕಮಾನಿನ ಕೆಳಗೆ 16 ಜನ ನಿಂತಾಗ ದನಿ ಎತ್ತದೆ ಆಡಿದ ಮಾತು ಹಿಂದಿನ ಸಾಲಿನ ಅಜ್ಜಿಗೂ ಕೇಳುತ್ತದೆ, ಅವರು ತಿರುಗಿ ಹೇಳುವ ತಮ್ಮ ಕಾಲದ ನೀರಿನ ಮಾತು ನಮಗೆಲ್ಲ ಕೇಳುತ್ತದೆ.