ಮಿನಿವ್ಯಾನಿನ ಬ್ರೇಕ್ ದೋಷ ಮರುಕಳಿಸುತ್ತಿದ್ದರೆ ಅದರ ಮೂಲವನ್ನು ಹುಡುಕುವ ಬಗೆ

ಹೊಸ ಡಿಸ್ಕ್ (ಚಕ್ರದೊಂದಿಗೆ ತಿರುಗುವ ಲೋಹದ ತಟ್ಟೆ) ಮತ್ತು ಪ್ಯಾಡ್ (ಆ ತಟ್ಟೆಯನ್ನು ಒತ್ತಿ ಹಿಡಿಯುವ ತುಂಡು) ಹಾಕಿಸಿ ಐದಾರು ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ ಬ್ರೇಕ್ ಪೆಡಲ್ ಮತ್ತೆ ನಡುಗತೊಡಗಿದರೆ, ಇಲ್ಲವೇ ಒಂದೇ ಚಕ್ರದ ಪ್ಯಾಡ್ ಪ್ರತಿ ಸಲವೂ ಉಳಿದವುಗಳಿಗಿಂತ ಮೊದಲೇ ಸವೆದುಹೋಗುತ್ತಿದ್ದರೆ, ಹಾಕಿದ ಬಿಡಿಭಾಗ ಕಳಪೆಯದೆಂದು ತೀರ್ಮಾನಿಸಲು ಆತುರಪಡಬಾರದು. ಬಹಳಷ್ಟು ಸಲ ಹಾಳಾದ ಭಾಗವೊಂದು, ಅದನ್ನು ಹಾಳುಮಾಡಿದ ಭಾಗ ಇನ್ನೊಂದು. ಹಾಳಾದದ್ದನ್ನು ಬದಲಾಯಿಸಿ ಹಾಳುಮಾಡಿದ್ದನ್ನು ಹಾಗೆಯೇ ಬಿಟ್ಟರೆ ದೋಷ ಮರಳಿ ಬರುವುದು ಖಚಿತ. ನಮ್ಮ ಏಳು ಆಸನಗಳ ವ್ಯಾನಿಗೆ ಒಂದೂವರೆ ವರ್ಷದಲ್ಲಿ ಎರಡು ಜೊತೆ ಮುಂದಿನ ಡಿಸ್ಕ್‌ಗಳನ್ನು ಹಾಕಿಸಿದರೂ ನಿಲ್ಲದ ನಡುಕ, ಮೂರನೆಯ ಸಲ, ಡಿಸ್ಕ್ ಮತ್ತು ಚಕ್ರ ಕೂರುವ ಭಾಗವಾದ ಹಬ್‌ನ ಮುಖದ ಮೇಲಿದ್ದ ತುಕ್ಕಿನ ಪದರವನ್ನು ಉಜ್ಜಿ ತೆಗೆದ ಮೇಲೆ ನಿಂತಿತು. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಓಡಾಡುವ ವಾಹನದಲ್ಲಿ ಇಂತಹ ದೋಷವನ್ನು ಸಹಿಸಿಕೊಂಡು ಸಾಗಬಾರದು ಎಂಬ ಕಾಳಜಿಯಿಂದ ಈ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮಿನಿವ್ಯಾನಿನ ಬ್ರೇಕ್‌ಗೆ ಸಣ್ಣ ಕಾರಿನ ಬ್ರೇಕ್‌ಗಿಂತ ಹೆಚ್ಚಿನ ಹೊರೆ ಬೀಳುತ್ತದೆ. 2,000 ಕಿಲೋಗ್ರಾಂ ತೂಕದ ವ್ಯಾನಿನಲ್ಲಿ ಏಳು ಜನರೂ ಅವರ ಸಾಮಾನೂ ಸೇರಿ ಇನ್ನೂ 500 ಕಿಲೋಗ್ರಾಂ ಇದೆಯೆಂದು ಇಟ್ಟುಕೊಂಡರೆ, ಗಂಟೆಗೆ 100 ಕಿಲೋಮೀಟರ್ ವೇಗದಿಂದ ಅದನ್ನು ಒಮ್ಮೆ ನಿಲ್ಲಿಸುವಾಗ ಸುಮಾರು 9.6 ಲಕ್ಷ ಜೂಲ್ ಶಕ್ತಿ ಶಾಖವಾಗಿ ಮಾರ್ಪಡುತ್ತದೆ. ಸುಮಾರು 2.9 ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಯುವ ಹಂತಕ್ಕೆ ತರಲು ಅಷ್ಟು ಶಾಖ ಸಾಕು. ಅದರಲ್ಲಿ ಬಹುಪಾಲನ್ನು ಮುಂದಿನ ಎರಡು ಡಿಸ್ಕ್‌ಗಳೇ ಹೀರಿಕೊಳ್ಳಬೇಕು. ವೇಗ ಅರ್ಧಕ್ಕಿಳಿದರೆ ಶಾಖ ಕಾಲುಭಾಗಕ್ಕೆ ಇಳಿಯುತ್ತದೆ. ಒಬ್ಬರೇ ನಿಧಾನವಾಗಿ ಓಡಿಸುವಾಗ ಗೊತ್ತೇ ಆಗದ ಸಣ್ಣ ದೋಷವು ತುಂಬಿದ ವ್ಯಾನ್ ಹೆದ್ದಾರಿಯಲ್ಲಿರುವಾಗ ಎದ್ದು ಕಾಣುವುದಕ್ಕೆ ಇದೇ ಕಾರಣ.

ಲಕ್ಷಣವನ್ನು ಗುರುತಿಸುವುದು

ಸ್ಪಾನರ್ ಕೈಗೆತ್ತಿಕೊಳ್ಳುವ ಮೊದಲು ಒಂದು ವಾರ ಲಕ್ಷಣಗಳನ್ನು ಬರೆದಿಡಿ. ಯಾವ ವೇಗದಲ್ಲಿ, ಬ್ರೇಕ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ವ್ಯಾನ್ ಖಾಲಿಯಿದ್ದಾಗಲೋ ತುಂಬಿದ್ದಾಗಲೋ ತೊಂದರೆ ಕಾಣಿಸುತ್ತದೆ ಎಂಬುದು ಮುಖ್ಯ. ಬ್ರೇಕ್ ಒತ್ತಿದಾಗ ಸ್ಟೀರಿಂಗ್ ಅದುರಿದರೆ ಮುಂದಿನ ಚಕ್ರಗಳ ಮೇಲೂ, ಸ್ಟೀರಿಂಗ್ ಸ್ಥಿರವಾಗಿದ್ದು ಆಸನ ಮತ್ತು ಪೆಡಲ್ ಮಾತ್ರ ಅದುರಿದರೆ ಹಿಂದಿನ ಚಕ್ರಗಳ ಮೇಲೂ ಅನುಮಾನ ಹೆಚ್ಚು. ಬ್ರೇಕ್ ಒತ್ತದಿದ್ದಾಗಲೂ ಅದುರುತ್ತಿದ್ದರೆ ಅದು ಟಯರ್, ವೀಲ್ ಬ್ಯಾಲೆನ್ಸಿಂಗ್ ಅಥವಾ ಬೇರಿಂಗ್‌ಗೆ ಸಂಬಂಧಿಸಿದ್ದಿರಬಹುದು. ವ್ಯಾನ್ ಒಂದು ಪಕ್ಕಕ್ಕೆ ಎಳೆಯುತ್ತಿದ್ದರೆ ಆ ಪಕ್ಕದ ಬ್ರೇಕ್ ಜಾಮ್ ಆಗಿರಬಹುದು, ಅಥವಾ ಎದುರು ಪಕ್ಕದ ಬ್ರೇಕ್ ಸರಿಯಾಗಿ ಹಿಡಿಯದೆ ಇರಬಹುದು. ಈ ಎರಡನೆಯ ಸಾಧ್ಯತೆಯನ್ನು ಮರೆತು ಸರಿಯಾಗಿ ಕೆಲಸ ಮಾಡುತ್ತಿರುವ ಪಕ್ಕವನ್ನೇ ಬಿಚ್ಚಿ ರಿಪೇರಿ ಮಾಡುವುದುಂಟು.

ಈ ಗೊಂದಲವನ್ನು ಬಿಡಿಸಲು ದೂರದಿಂದಲೇ ಉಷ್ಣತೆ ಅಳೆಯುವ ಇನ್ಫ್ರಾರೆಡ್ ಥರ್ಮಾಮೀಟರ್ ಬಹಳ ಉಪಯುಕ್ತ. ಆದಷ್ಟು ಕಡಿಮೆ ಬ್ರೇಕ್ ಬಳಸಿ ಹದಿನೈದು ನಿಮಿಷ ಓಡಿಸಿ, ವ್ಯಾನ್ ತಾನಾಗಿಯೇ ವೇಗ ಕಳೆದುಕೊಂಡು ನಿಲ್ಲುವಂತೆ ಮಾಡಿ, ನಾಲ್ಕೂ ಡಿಸ್ಕ್‌ಗಳ ಬಿಸಿಯನ್ನು ಅಳೆಯಿರಿ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ವ್ಯತ್ಯಾಸವಿರುವುದು ಸಹಜ; ಎಡ ಮತ್ತು ಬಲದ ನಡುವೆ ದೊಡ್ಡ ವ್ಯತ್ಯಾಸ ಇರಕೂಡದು. ಬ್ರೇಕ್ ಒತ್ತದಿದ್ದರೂ ಒಂದು ಚಕ್ರ ಕಾದಿದ್ದರೆ ಅಲ್ಲಿ ಪ್ಯಾಡ್ ಡಿಸ್ಕ್ ಅನ್ನು ಬಿಡುತ್ತಿಲ್ಲ. ನಾಲ್ಕೈದು ಸಲ ಬ್ರೇಕ್ ಹಾಕಿದ ಮೇಲೂ ಒಂದು ಚಕ್ರ ತಣ್ಣಗೇ ಉಳಿದಿದ್ದರೆ ಅಲ್ಲಿ ಪ್ಯಾಡ್ ಹಿಡಿಯುತ್ತಿಲ್ಲ. ಡಿಸ್ಕ್ ಅನ್ನು ಕೈಯಿಂದ ಮುಟ್ಟಿ ನೋಡಬೇಡಿ. ಚರ್ಮ ಸುಟ್ಟುಹೋಗುವಷ್ಟು ಅದು ಕಾದಿರಬಹುದು.

ಪೆಡಲ್ ನೆಲದವರೆಗೆ ಇಳಿಯುತ್ತಿದ್ದರೆ, ಚಕ್ರದ ಒಳಮೈಯಲ್ಲಿ ಬ್ರೇಕ್ ಆಯಿಲ್ ಸೋರಿದ ಗುರುತಿದ್ದರೆ, ಹ್ಯಾಂಡ್ ಬ್ರೇಕ್ ಬಿಟ್ಟ ಮೇಲೂ ಕೆಂಪು ಬ್ರೇಕ್ ದೀಪ ಆರದಿದ್ದರೆ, ಅಥವಾ ಲೋಹಕ್ಕೆ ಲೋಹ ಉಜ್ಜುವ ಕರ್ಕಶ ಸದ್ದು ಬರುತ್ತಿದ್ದರೆ, ವಾಹನವನ್ನು ಗ್ಯಾರೇಜಿಗೆ ಎಳೆದೊಯ್ಯುವ ವ್ಯವಸ್ಥೆ ಮಾಡಬೇಕೇ ಹೊರತು ಪರೀಕ್ಷೆಗೆಂದು ಸಹ ಓಡಿಸಬಾರದು.

ಹಳೆಯ ಪ್ಯಾಡ್ ಹೇಳುವುದೇನು

ವ್ಯಾನನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ನೆಲದ ಮೇಲೇ ಉಳಿಯುವ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಜಾಕ್‌ನಿಂದ ಎತ್ತಿದ ಕೂಡಲೇ ಸ್ಟ್ಯಾಂಡಿನ ಮೇಲೆ ಕೂರಿಸಿ. ಬರಿಯ ಜಾಕ್‌ನ ಆಧಾರದಲ್ಲಿರುವ ವಾಹನದ ಕೆಳಗೆ ಕೈ ಚಾಚುವುದೂ ಅಪಾಯ. ಬ್ರೇಕ್‌ನ ಧೂಳನ್ನು ಗಾಳಿಯಿಂದ ಊದದೆ, ಬ್ರೇಕ್ ಕ್ಲೀನರ್‌ನಿಂದ ತೋಯಿಸಿ ಬಟ್ಟೆಯಲ್ಲಿ ಒರೆಸಬೇಕು. ಬಿಚ್ಚಿದ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ), ಬ್ರೇಕ್ ಆಯಿಲ್ ಸಾಗುವ ರಬ್ಬರ್ ಹೋಸ್‌ನಿಂದ ನೇತಾಡದಂತೆ ತಂತಿಯಿಂದ ಕಟ್ಟಿಡಿ.

ಕೆಲಸವನ್ನು ಮೆಕ್ಯಾನಿಕ್‌ಗೆ ಒಪ್ಪಿಸುವವರು ಕೂಡ ಒಂದನ್ನು ತಪ್ಪದೆ ಮಾಡಬೇಕು: ತೆಗೆದ ಪ್ಯಾಡ್‌ಗಳನ್ನು ಎಸೆಯದೆ, ಎಡ ಅಥವಾ ಬಲ, ಒಳಗಿನದು ಅಥವಾ ಹೊರಗಿನದು ಎಂದು ಗುರುತು ಹಾಕಿ ಕೊಡುವಂತೆ ಕೇಳಿ. ನನ್ನ ಮಟ್ಟಿಗೆ, ಯಾವ ದುಬಾರಿ ಉಪಕರಣವೂ ಈ ಹಳೆಯ ಪ್ಯಾಡ್‌ಗಳಷ್ಟು ಸ್ಪಷ್ಟವಾಗಿ ದೋಷವನ್ನು ತೋರಿಸುವುದಿಲ್ಲ. ಹೊಸ ಪ್ಯಾಡಿನ ದಪ್ಪ ಸಾಮಾನ್ಯವಾಗಿ 10ರಿಂದ 12 ಮಿಲಿಮೀಟರ್ ಇರುತ್ತದೆ. ಒಂದೇ ಚಕ್ರದ ಒಳ ಮತ್ತು ಹೊರ ಪ್ಯಾಡ್‌ಗಳು ಹೆಚ್ಚುಕಡಿಮೆ ಸಮನಾಗಿ ಸವೆದಿದ್ದರೆ ಕ್ಯಾಲಿಪರ್ ಸರಿಯಾಗಿ ಜಾರುತ್ತಿದೆ ಎಂದರ್ಥ. ಪಿಸ್ಟನ್ (ಆಯಿಲ್‌ನ ಒತ್ತಡದಿಂದ ಪ್ಯಾಡನ್ನು ತಳ್ಳುವ ಭಾಗ) ಕಡೆಯ ಒಳ ಪ್ಯಾಡ್ ಮಾತ್ರ ತೆಳುವಾಗಿದ್ದರೆ, ಕ್ಯಾಲಿಪರ್ ಜಾರಬೇಕಾದ ಗೈಡ್ ಪಿನ್‌ಗಳು ಹಿಡಿದುಕೊಂಡಿರಬೇಕು, ಇಲ್ಲವೇ ಪಿಸ್ಟನ್ ಹಿಂದಕ್ಕೆ ಸರಿಯುತ್ತಿರಲಿಕ್ಕಿಲ್ಲ. ಹೊರಗಿನ ಪ್ಯಾಡ್ ಹೆಚ್ಚು ಸವೆದಿದ್ದರೆ, ಬ್ರೇಕ್ ಬಿಟ್ಟ ಮೇಲೂ ಕ್ಯಾಲಿಪರ್ ತನ್ನ ಸ್ಥಾನಕ್ಕೆ ಮರಳದೆ ಆ ಪ್ಯಾಡನ್ನು ಡಿಸ್ಕ್‌ಗೆ ಒತ್ತಿಕೊಂಡೇ ಇದೆ. ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳುವಾಗಿ ಬೆಣೆಯ ಆಕಾರಕ್ಕೆ ಸವೆದ ಪ್ಯಾಡ್ ಕಂಡರೆ, ಎರಡು ಪಿನ್‌ಗಳಲ್ಲಿ ಒಂದು ಹಿಡಿದುಕೊಂಡಿದೆಯೇ, ಅಥವಾ ಪ್ಯಾಡಿನ ಕಿವಿಗಳು ಬ್ರಾಕೆಟ್‌ನಲ್ಲಿ ಸಿಕ್ಕಿಕೊಂಡಿವೆಯೇ ನೋಡಿ.

ಇವುಗಳ ಪರಿಹಾರಕ್ಕೆ ಹಣಕ್ಕಿಂತ ತಾಳ್ಮೆ ಹೆಚ್ಚು ಬೇಕು. ಪಿನ್‌ಗಳನ್ನು ಹೊರತೆಗೆದು, ಒಣಗಿದ ಹಳೆಯ ಗ್ರೀಸನ್ನು ಪೂರ್ತಿ ಒರೆಸಿ, ರಂಧ್ರದ ಒಳಗನ್ನೂ ಸ್ವಚ್ಛಗೊಳಿಸಿ, ಬ್ರೇಕ್‌ಗೆಂದೇ ತಯಾರಿಸಿದ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಹಚ್ಚಬೇಕು. ಪೆಟ್ರೋಲಿಯಂ ಮೂಲದ ಸಾಮಾನ್ಯ ಗ್ರೀಸ್ ತಗುಲಿದರೆ ರಬ್ಬರ್ ಉಬ್ಬಿ, ಕೆಲವು ತಿಂಗಳುಗಳಲ್ಲಿ ಪಿನ್ ಮತ್ತೆ ಹಿಡಿದುಕೊಳ್ಳುತ್ತದೆ. ದೋಷ ಮರುಕಳಿಸುವುದಕ್ಕೆ ಇದೊಂದು ಸಾಮಾನ್ಯ ಕಾರಣ. ಕೆಲವು ಕ್ಯಾಲಿಪರ್‌ಗಳಲ್ಲಿ ಎರಡು ಪಿನ್‌ಗಳೂ ಒಂದೇ ತೆರನಾಗಿರುವುದಿಲ್ಲವಾದ್ದರಿಂದ ಯಾವುದು ಎಲ್ಲಿತ್ತೆಂದು ಗುರುತಿಟ್ಟುಕೊಳ್ಳಿ. ಧೂಳು ತಡೆಯುವ ರಬ್ಬರ್ ಬೂಟ್ ಹರಿದಿದ್ದರೆ ಹೊಸದನ್ನೇ ಹಾಕಿ. ಪ್ಯಾಡ್ ಕೂರುವ ಸ್ಟೀಲ್ ಕ್ಲಿಪ್‌ಗಳನ್ನು ತೆಗೆದು ಕೆಳಗಿನ ತುಕ್ಕನ್ನು ಕೆರೆಯಿರಿ. ಆ ತುಕ್ಕು ಕ್ಲಿಪ್ಪನ್ನು ಮೇಲಕ್ಕೆತ್ತಿ ಪ್ಯಾಡಿನ ಜಾಗವನ್ನು ಬಿಗಿಯಾಗಿಸುತ್ತದೆ, ಮತ್ತು ಪ್ಯಾಡ್ ಬದಲಾಯಿಸುವಾಗ ಇದನ್ನು ನೋಡುವವರು ಕಡಿಮೆ.

ಪಿಸ್ಟನ್ನನ್ನು ಹಿಂದಕ್ಕೆ ಒತ್ತುವಾಗ ಅದು ಒಂದೇ ಸಮನಾಗಿ ಸರಿಯಬೇಕು. ತಡೆತಡೆದು ಸರಿದರೆ ಅಥವಾ ಅದರ ಮೈಯಲ್ಲಿ ತುಕ್ಕಿನ ಕುಳಿಗಳಿದ್ದರೆ ಕ್ಯಾಲಿಪರ್ ಬದಲಾಯಿಸಬೇಕು. ಹಿಂದಿನ ಚಕ್ರದ ಕೆಲವು ಕ್ಯಾಲಿಪರ್‌ಗಳಲ್ಲಿ ಪಿಸ್ಟನ್ನನ್ನು ತಿರುಗಿಸುತ್ತಲೇ ಒಳಕ್ಕೆ ಒತ್ತಬೇಕಾಗುತ್ತದೆ. ವಿದ್ಯುತ್ ಚಾಲಿತ ಪಾರ್ಕಿಂಗ್ ಬ್ರೇಕ್ ಇರುವ ವ್ಯಾನುಗಳಲ್ಲಿ ಅದನ್ನು ಮೊದಲು ಸರ್ವಿಸ್ ಸ್ಥಿತಿಗೆ ತರದೆ ಬಲ ಪ್ರಯೋಗಿಸಿದರೆ ಮೋಟಾರು ಹಾಳಾಗುತ್ತದೆ.

ಪಿನ್‌ಗಳೂ ಪಿಸ್ಟನ್ನೂ ಸರಿಯಿದ್ದು ಒಂದೇ ಚಕ್ರ ಜಾಮ್ ಆಗುತ್ತಿದ್ದರೆ ರಬ್ಬರ್ ಹೋಸನ್ನು ಪರೀಕ್ಷಿಸಿ. ವರ್ಷಗಳು ಕಳೆದಂತೆ ಹೋಸ್‌ನ ಒಳಪದರ ಕಿತ್ತು ಬಂದು, ಪೆಡಲ್‌ನ ಒತ್ತಡವನ್ನು ಮುಂದಕ್ಕೆ ಬಿಟ್ಟು ಹಿಂದಕ್ಕೆ ಬಿಡದ ಕವಾಟದಂತೆ ವರ್ತಿಸುವುದುಂಟು, ಆದರೆ ಹೊರಗಿನಿಂದ ಹೋಸ್ ಚೆನ್ನಾಗಿಯೇ ಕಾಣುತ್ತದೆ. ಬ್ರೇಕ್ ಜಾಮ್ ಆಗಿರುವಾಗಲೇ ಆ ಚಕ್ರವನ್ನು ಎತ್ತಿ, ಆಯಿಲ್ ಮತ್ತು ಗಾಳಿಯನ್ನು ಹೊರಬಿಡಲು ಕ್ಯಾಲಿಪರ್‌ನಲ್ಲಿರುವ ಬ್ಲೀಡರ್ ನಿಪ್ಪಲ್‌ಗೆ ಪೈಪ್ ಸಿಕ್ಕಿಸಿ ಅದರ ತುದಿಯನ್ನು ಬಾಟಲಿಗೆ ಇಳಿಬಿಟ್ಟು, ನಿಪ್ಪಲ್ ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಹಗುರಾಗಿ ತಿರುಗತೊಡಗಿದರೆ ಒತ್ತಡ ಒಳಗೆ ಸಿಕ್ಕಿಕೊಂಡಿತ್ತು ಎಂದಾಯಿತು. ಒಂದೇ ಚಕ್ರದಲ್ಲಿ ಹೀಗಾಗಿದ್ದರೆ ಹೋಸ್, ಹಲವು ಚಕ್ರಗಳಲ್ಲಿ ಹೀಗಾಗಿದ್ದರೆ ಪೆಡಲ್‌ನ ಒತ್ತಡವನ್ನು ಆಯಿಲ್‌ಗೆ ದಾಟಿಸುವ ಮಾಸ್ಟರ್ ಸಿಲಿಂಡರ್ ಕಾರಣವಿರಬಹುದು. ನಿಪ್ಪಲ್ ಸಡಿಲಿಸಿದರೂ ಚಕ್ರ ಬಿಗಿಯಾಗಿಯೇ ಇದ್ದರೆ ದೋಷ ಕ್ಯಾಲಿಪರ್‌ನಲ್ಲೋ ಪಾರ್ಕಿಂಗ್ ಬ್ರೇಕ್‌ನ ಕೇಬಲ್‌ನಲ್ಲೋ ಇದೆ. ಪರೀಕ್ಷೆ ಮುಗಿದ ಮೇಲೆ ಬ್ರೇಕ್ ಆಯಿಲ್‌ನ ಕೊಳವೆಗಳಲ್ಲಿ ಸೇರಿದ ಗಾಳಿ ತೆಗೆಯುವುದನ್ನು ಮರೆಯಬಾರದು.

ಮರಳಿ ಬರುವ ನಡುಕ

ಪೆಡಲ್ ನಡುಗಿದಾಗ ‘ಡಿಸ್ಕ್ ಬೆಂಡ್ ಆಗಿದೆ’ ಎನ್ನುವುದು ರೂಢಿ. ವಾಸ್ತವದಲ್ಲಿ ಡಿಸ್ಕ್ ಶಾಖಕ್ಕೆ ಬಾಗುವುದು ಅಪರೂಪ. ಅದರ ದಪ್ಪ ಸುತ್ತಲೂ ಒಂದೇ ಸಮ ಉಳಿಯದಿರುವುದೇ ಸಾಮಾನ್ಯ ಕಾರಣ. ಒಂದು ಮಿಲಿಮೀಟರಿನ ನೂರನೆಯ ಒಂದೆರಡು ಭಾಗದಷ್ಟು, ಎಂದರೆ 0.01ರಿಂದ 0.02 ಮಿಲಿಮೀಟರ್ ವ್ಯತ್ಯಾಸವೂ ಪಾದಕ್ಕೆ ತಿಳಿಯುತ್ತದೆ. ಹಬ್‌ನ ಮುಖದಲ್ಲಿ ತುಕ್ಕಿನ ಒಂದು ಸಣ್ಣ ಹಕ್ಕಳೆ ಇದ್ದರೂ ಹೊಸ ಡಿಸ್ಕ್ ಅದರ ಮೇಲೆ ತುಸು ಓರೆಯಾಗಿ ಕೂರುತ್ತದೆ. ಮೊದಲ ದಿನ ಇದು ಗೊತ್ತಾಗುವುದಿಲ್ಲ. ಚಕ್ರ ಸುತ್ತಿದಂತೆಲ್ಲ ಓರೆಯಾದ ಡಿಸ್ಕ್‌ನ ಅದೇ ಜಾಗ ಪ್ರತಿ ಸುತ್ತಿನಲ್ಲೂ ಪ್ಯಾಡನ್ನು ಸವರಿಕೊಂಡು ಹೋಗಿ, ಕೆಲವು ಸಾವಿರ ಕಿಲೋಮೀಟರುಗಳಲ್ಲಿ ಅಲ್ಲಿ ತೆಳುವಾಗುತ್ತದೆ. ಆಗ ನಡುಕ ಶುರುವಾಗುತ್ತದೆ, ಡಿಸ್ಕ್ ಬದಲಾಗುತ್ತದೆ, ತುಕ್ಕು ಅಲ್ಲಿಯೇ ಉಳಿಯುತ್ತದೆ.

ಆದುದರಿಂದ ಹಬ್‌ನ ಮುಖವನ್ನು, ಅದರಲ್ಲೂ ವೀಲ್ ನಟ್ ಕೂರುವ ಪ್ರತಿ ಸ್ಟಡ್‌ನ ಬುಡವನ್ನು, ಲೋಹ ಹೊಳೆಯುವವರೆಗೆ ವೈರ್ ಬ್ರಷ್‌ನಿಂದ ಉಜ್ಜಿ. ಹೊಸ ಡಿಸ್ಕ್‌ಗೆ ಸವರಿರುವ ರಕ್ಷಣಾ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ತೆಗೆಯಿರಿ. ಡಿಸ್ಕ್ ಕೂರಿಸಿ, ಎಲ್ಲ ವೀಲ್ ನಟ್‌ಗಳನ್ನೂ ಬಿಗಿದು, ಸೂಕ್ಷ್ಮ ಅಲುಗಾಟವನ್ನು ಅಳೆಯುವ ಡಯಲ್ ಗೇಜ್ ಇಟ್ಟು ನಿಧಾನವಾಗಿ ತಿರುಗಿಸಿದರೆ ಅದರ ಓಲಾಟ ತಿಳಿಯುತ್ತದೆ. ಮಿತಿ ಎಷ್ಟೆಂಬುದು ವಾಹನದ ಸರ್ವಿಸ್ ಪುಸ್ತಕದಲ್ಲಿರುತ್ತದೆ, 0.05 ಮಿಲಿಮೀಟರಿನೊಳಗೆ ಇದ್ದರೆ ನಿಶ್ಚಿಂತೆಯಿಂದಿರಬಹುದು. ಹೆಚ್ಚಿದ್ದರೆ ಡಿಸ್ಕ್ ತೆಗೆದು ಒಂದು ಸ್ಟಡ್‌ನಷ್ಟು ತಿರುಗಿಸಿ ಕೂರಿಸಿ ಮತ್ತೆ ಅಳೆಯಿರಿ. ಎಲ್ಲ ಸ್ಥಾನಗಳಲ್ಲೂ ಹೆಚ್ಚೇ ಬಂದರೆ ಹಬ್ ಅಥವಾ ಬೇರಿಂಗ್ ದೋಷಪೂರಿತವಾಗಿದೆ. ಹಳೆಯ ಡಿಸ್ಕನ್ನು ಲೇತ್‌ಗೆ ಕೊಡುವುದಾದರೆ, ಅದರ ಮೇಲೆಯೇ ಅಚ್ಚಾಗಿರುವ ಕನಿಷ್ಠ ದಪ್ಪಕ್ಕಿಂತ ತೆಳುವಾಗದಂತೆ ಎಚ್ಚರ ವಹಿಸಬೇಕು.

ಇಷ್ಟೆಲ್ಲ ಜಾಗ್ರತೆ ವಹಿಸಿದ ಕೆಲಸವನ್ನು ಕೊನೆಯ ಐದು ನಿಮಿಷ ಕೆಡಿಸಬಲ್ಲದು. ಗಾಳಿಯ ಗನ್ನಿನಿಂದ ಒಂದೊಂದು ನಟ್ ಅನ್ನು ಒಂದೊಂದು ಬಿಗಿಗೆ ಹೊಡೆದರೆ ಡಿಸ್ಕ್ ಮೇಲೆ ಅಸಮ ಒತ್ತಡ ಬಿದ್ದು ಅದೇ ಓಲಾಟ ಹುಟ್ಟುತ್ತದೆ. ನಟ್‌ಗಳನ್ನು ಎದುರುಬದುರಾಗಿ, ನಕ್ಷತ್ರದ ಕ್ರಮದಲ್ಲಿ, ಮೊದಲು ಅರ್ಧ ಬಿಗಿಗೆ, ಆಮೇಲೆ ವಾಹನಕ್ಕೆ ಸೂಚಿಸಿದ ಪೂರ್ಣ ಬಿಗಿಗೆ ಟಾರ್ಕ್ ವ್ರೆಂಚ್‌ನಿಂದಲೇ ಬಿಗಿಯಿರಿ. ಟಯರ್ ಅಂಗಡಿಯಲ್ಲಿ ಪಂಕ್ಚರ್ ಹಾಕಿಸಿದ ಮೇಲೂ ಇದನ್ನೇ ಪಾಲಿಸಬೇಕು.

ಹೊಸ ಪ್ಯಾಡನ್ನು ಪಳಗಿಸುವುದೂ ಅಗತ್ಯ. ಖಾಲಿ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಿಂದ 15ಕ್ಕೆ ಇಳಿಯುವಂತೆ, ನಡುವೆ ತಣಿಯಲು ಅವಕಾಶ ಕೊಡುತ್ತ, ಎಂಟು ಹತ್ತು ಸಲ ಹದವಾಗಿ ಬ್ರೇಕ್ ಒತ್ತಿ, ಪೂರ್ತಿ ನಿಲ್ಲಿಸಬೇಡಿ. ಬಿಸಿಯಾದ ಡಿಸ್ಕ್ ಮೇಲೆ ಪ್ಯಾಡನ್ನು ಒತ್ತಿಹಿಡಿದು ನಿಂತರೆ ಅದರ ಪದಾರ್ಥ ಒಂದೇ ಜಾಗದಲ್ಲಿ ಅಂಟಿಕೊಂಡು ನಡುಕಕ್ಕೆ ಇನ್ನೊಂದು ಕಾರಣವಾಗುತ್ತದೆ. ಬಳಿಕ ಹತ್ತು ನಿಮಿಷ ಬ್ರೇಕ್ ಹೆಚ್ಚು ಬಳಸದೆ ಓಡಿಸಿ ತಣಿಸಿ. ಪ್ಯಾಡಿನ ತಯಾರಕರು ಬೇರೆ ಕ್ರಮ ಹೇಳಿದ್ದರೆ ಅದನ್ನೇ ಅನುಸರಿಸಿ.

ಬ್ರೇಕ್ ಆಯಿಲ್ ಮತ್ತು ಹಿಂದಿನ ಚಕ್ರಗಳು

ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಅದರಲ್ಲಿ 3.7 ಶೇಕಡಾ ನೀರು ಸೇರಿದರೆ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇವು 230 ಮತ್ತು 155 ಡಿಗ್ರಿ. ತುಂಬಿದ ವ್ಯಾನ್ ಉದ್ದನೆಯ ಇಳಿಜಾರನ್ನು ಇಳಿಯುವಾಗ ಹಳೆಯ ಆಯಿಲ್ ಕುದಿದು ಆವಿಯ ಗುಳ್ಳೆಗಳೆದ್ದರೆ, ಪೆಡಲ್ ಸ್ಪಂಜಿನಂತೆ ಕುಗ್ಗಿ ಬ್ರೇಕ್ ಹಿಡಿಯುವುದೇ ಇಲ್ಲ. ತಣಿದ ಮೇಲೆ ಎಲ್ಲವೂ ಸರಿಯಾದಂತೆ ತೋರುತ್ತದೆ. ಗ್ಯಾರೇಜಿನಲ್ಲಿ ಕಾಣದೆ ಬೆಟ್ಟದಲ್ಲಿ ಮಾತ್ರ ಕಾಣುವ ದೋಷಕ್ಕೆ ಇದು ಮುಖ್ಯ ಕಾರಣ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಿ, ಇಳಿಜಾರಿನಲ್ಲಿ ಕೆಳಗಿನ ಗೇರ್ ಬಳಸಿ. ಸಿಲಿಕೋನ್ ಆಧಾರಿತ ಡಾಟ್ 5 ಅನ್ನು ಉಳಿದವುಗಳೊಂದಿಗೆ ಬೆರೆಸಬಾರದು. ಡಬ್ಬಿಯಲ್ಲಿ ಮಟ್ಟ ಇಳಿದಿದೆಯೆಂದು ಸುಮ್ಮನೆ ತುಂಬಿಸುವುದೂ ಸರಿಯಲ್ಲ: ಪ್ಯಾಡ್ ಸವೆದಂತೆ ಮಟ್ಟ ಇಳಿಯುತ್ತದೆ, ಪ್ಯಾಡ್ ಸವೆಯದೆ ಇಳಿದಿದ್ದರೆ ಎಲ್ಲೋ ಸೋರುತ್ತಿದೆ.

ಎಂಜಿನ್ ಚಾಲೂ ಇರುವಾಗ ಪೆಡಲನ್ನು ಒಂದೇ ಸಮನೆ ಒತ್ತಿಹಿಡಿದರೆ ಅದು ಮೆಲ್ಲಗೆ ಇಳಿಯುತ್ತ ಹೋದರೆ, ಹೊರಗೆ ಸೋರಿಕೆ ಇಲ್ಲದಿದ್ದಲ್ಲಿ ಮಾಸ್ಟರ್ ಸಿಲಿಂಡರ್ ಅನುಮಾನಾಸ್ಪದ. ಪೆಡಲ್ ಕಲ್ಲಿನಂತಿದ್ದರೆ ಪಾದದ ಬಲವನ್ನು ಹೆಚ್ಚಿಸುವ ಬೂಸ್ಟರ್ ನೋಡಿ: ಎಂಜಿನ್ ಆರಿಸಿ ನಾಲ್ಕೈದು ಸಲ ಒತ್ತಿ, ಒತ್ತಿಹಿಡಿದೇ ಎಂಜಿನ್ ಚಾಲೂ ಮಾಡಿದಾಗ ನಿರ್ವಾತದಿಂದ ಕೆಲಸ ಮಾಡುವ ಬೂಸ್ಟರ್ ಸರಿಯಿದ್ದರೆ ಪೆಡಲ್ ಸ್ವಲ್ಪ ಕೆಳಗಿಳಿಯುತ್ತದೆ.

ಮುಂದಿನ ಪ್ಯಾಡ್‌ಗಳು ಎರಡೂ ಪಕ್ಕದಲ್ಲಿ ಸಮನಾಗಿ, ಆದರೆ ತೀರ ಬೇಗ ಸವೆಯುತ್ತಿದ್ದರೆ ಹಿಂದಕ್ಕೆ ತಿರುಗಿ ನೋಡಬೇಕು. ಹಿಂದಿನ ಡ್ರಮ್‌ನ (ಕೆಲವು ವ್ಯಾನುಗಳಲ್ಲಿ ಹಿಂದೆ ಡಿಸ್ಕ್ ಬದಲು ಇರುವ ಬ್ರೇಕ್) ಅಡ್ಜಸ್ಟರ್ ತುಕ್ಕು ಹಿಡಿದು, ಡ್ರಮ್ಮಿನ ಒಳಮೈಗೆ ಒತ್ತಬೇಕಾದ ಶೂಗಳು ಡ್ರಮ್‌ನಿಂದ ದೂರ ಉಳಿದಿದ್ದರೆ ಅವುಗಳ ಪಾಲಿನ ಕೆಲಸವೂ ಮುಂದಿನ ಚಕ್ರಗಳ ಮೇಲೆಯೇ ಬೀಳುತ್ತದೆ.

ದುರಸ್ತಿ ಮುಗಿದ ದಿನವೇ ನಾಲ್ಕೂ ಚಕ್ರಗಳ ಒಳ ಹೊರ ಪ್ಯಾಡ್‌ಗಳ ದಪ್ಪವನ್ನು, ಆಗಿನ ಕಿಲೋಮೀಟರ್ ಸಂಖ್ಯೆಯೊಂದಿಗೆ ಒಂದು ಪುಸ್ತಕದಲ್ಲಿ ಬರೆದಿಡಿ. 100 ಕಿಲೋಮೀಟರ್ ಓಡಿದ ಮೇಲೆ ನಟ್‌ಗಳ ಬಿಗಿಯನ್ನೂ, 1,000 ಮತ್ತು 5,000 ಕಿಲೋಮೀಟರುಗಳಲ್ಲಿ ಡಿಸ್ಕ್‌ಗಳ ಬಿಸಿ ಹಾಗೂ ಪ್ಯಾಡ್‌ಗಳ ದಪ್ಪವನ್ನೂ ಮತ್ತೆ ಪರಿಶೀಲಿಸಿ. ಒಂದೇ ಚಕ್ರದ ಎರಡು ಪ್ಯಾಡ್‌ಗಳ ನಡುವೆ 2 ಮಿಲಿಮೀಟರಿಗಿಂತ ಹೆಚ್ಚಿನ ಅಂತರ ಕಂಡರೆ, ನಡುಕವಾಗಲಿ ಸದ್ದಾಗಲಿ ಶುರುವಾಗುವವರೆಗೆ ಕಾಯದೆ, ಆ ಚಕ್ರದ ಪಿನ್‌ಗಳನ್ನು ಅದೇ ವಾರ ಬಿಚ್ಚಿ ನೋಡಿ.