ಬೀಳು ಬಿದ್ದಿದ್ದ ನಾಲ್ಕು ಎಕರೆ

2020ರ ಮೇ ಮೊದಲ ವಾರ, ಸರ್ಕಾರ ಉಚಿತವಾಗಿ ಬಿಟ್ಟ ಬಸ್ಸಿನಲ್ಲಿ ಬೆಂಗಳೂರಿನಿಂದ ಹೊರಟು ಚಳ್ಳಕೆರೆ ತಲುಪಿದಾಗ ಕೈಯಲ್ಲಿದ್ದದ್ದು ಎರಡು ಬ್ಯಾಗು, ಅರ್ಧ ತಿಂಗಳ ಸಂಬಳ. ನಾನಿದ್ದ ಗಾರ್ಮೆಂಟ್ಸ್ ಕೊರೊನಾ ಲಾಕ್‌ಡೌನ್‌ನಲ್ಲಿ ಮುಚ್ಚಿತ್ತು. ಊರಾಚೆ ನಮ್ಮ ನಾಲ್ಕು ಎಕರೆ ಮಸಾರಿ (ಕೆಂಪು ಮಣ್ಣಿನ) ಹೊಲ ಒಂಬತ್ತು ವರ್ಷದಿಂದ ಬೀಳು. ಬಳ್ಳಾರಿ ಜಾಲಿ ಆಳೆತ್ತರ ನಿಂತಿತ್ತು.

ನಮ್ಮ ಕಡೆ ಹೊಲ ಬೀಳು ಬಿದ್ದರೆ ಮಳೆಯನ್ನು ದೂರುತ್ತಾರೆ. ನಮ್ಮದು ಬಿದ್ದದ್ದು ಆಳಿಲ್ಲದೆ. ಅಣ್ಣನೂ ನಾನೂ ಬೆಂಗಳೂರು ಸೇರಿದ್ದೆವು, ಅಪ್ಪನಿಗೆ ಮೊಣಕಾಲು ನೋವು. ಆ ಬೇಸಿಗೆಯಲ್ಲಿ ಯಾವ ಯಾವ ಮನೆಗೆ ಮಕ್ಕಳು ಮರಳಿದರೋ ಆ ಮನೆಗಳ ಹೊಲಕ್ಕೆಲ್ಲ ನೇಗಿಲು ಬಿತ್ತು.

ಜಾಲಿಯ ವಿಷಯದಲ್ಲಿ ನಾನು ಮೊದಲೇ ತಪ್ಪಿದೆ. ನೆಲಮಟ್ಟಕ್ಕೆ ಕಡಿದು ಹೊಲ ಹಸನಾಯಿತೆಂದುಕೊಂಡೆ. ಕೃತ್ತಿಕೆ ಮಳೆ ಬಿದ್ದ ಎಂಟು ದಿನಕ್ಕೆ ಒಂದೊಂದು ಬುಡದಿಂದ ಐದಾರು ಚಿಗುರು ಎದ್ದವು. "ಗಂಟು ಒಳಗಿದೆಯಪ್ಪ, ಅದು ಬರಬೇಕು" ಎಂದು ಅಪ್ಪ ಬದುವಿನ ಮೇಲೆ ಕುಳಿತೇ ಹೇಳಿದರು. ಮಣ್ಣು ಹಸಿಯಿರುವಾಗಲೇ ಹಾರೆ ಇಳಿಸಿ, ಸುತ್ತ ಬಿಡಿಸಿ, ಬುಡದ ಗಂಟನ್ನು ಮೊಳದಾಳದಿಂದ ಎತ್ತಬೇಕು. ಒಂದೊಂದಕ್ಕೆ ಇಬ್ಬರಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಚಿಕ್ಕಪ್ಪನ ಮಕ್ಕಳು ಮುಯ್ಯಾಳಾಗಿ, ಅಂದರೆ ಕೂಲಿಯಿಲ್ಲದೆ ಕೆಲಸಕ್ಕೆ ಕೆಲಸ ಎಂಬ ಲೆಕ್ಕದಲ್ಲಿ, ಬಂದರು. ಕಟ್ಟಿಗೆಯನ್ನು ಇದ್ದಿಲು ಸುಡುವವರಿಗೆ ಮಾರಿದ್ದರಿಂದ ಟ್ರ್ಯಾಕ್ಟರ್ ಬಾಡಿಗೆ ಹುಟ್ಟಿತು.

ಮನೆಯ ಖರ್ಚು ನಡೆದದ್ದು ನರೇಗಾ (ಉದ್ಯೋಗ ಖಾತ್ರಿ ಯೋಜನೆ) ಕೂಲಿಯಿಂದ. ಏಪ್ರಿಲ್‌ನಿಂದ ದಿನಗೂಲಿ 249ರಿಂದ 275 ರೂಪಾಯಿಗೆ ಏರಿತ್ತು. ಸಣ್ಣ ಹಿಡುವಳಿದಾರರು ತಮ್ಮದೇ ಹೊಲದಲ್ಲಿ ಬದು ಹಾಕಿ ಕೂಲಿ ಪಡೆಯಬಹುದು ಎಂಬುದು ನನಗೆ ಆಗಲೇ ತಿಳಿದದ್ದು. ಜಾಬ್ ಕಾರ್ಡ್ ಮಾಡಿಸಿ, ಇಳಿಜಾರಿಗೆ ಅಡ್ಡಲಾಗಿ ಕಂದಕ ತೋಡಿ, ಅದೇ ಮಣ್ಣಿನಲ್ಲಿ ಬದು ಏರಿಸಿದೆವು. ಆ ವರ್ಷ ನಾನು ಮಾಡಿದ ಕೆಲಸಗಳಲ್ಲಿ ಅತ್ಯುತ್ತಮವಾದದ್ದು ಇದೇ ಎಂದು ಇವತ್ತಿಗೂ ನಂಬಿದ್ದೇನೆ.

ಆರಿದ್ರಾ ಮಳೆಗೆ ಶೇಂಗಾ ಬಿತ್ತಿ, ನಡುನಡುವೆ ತೊಗರಿ ಅಕ್ಕಡಿ ಹಾಕಿದೆವು. ಹೂವಾಡುವ ಹೊತ್ತಿಗೆ ಎಕರೆಗೆ 200 ಕಿಲೋ ಜಿಪ್ಸಂ ಕೊಟ್ಟು ಎಡೆಕುಂಟೆ ಹೊಡೆದೆವು. ಕಾಯಿ ಗಟ್ಟಿಯಾಗಲು ಅದರ ಸುಣ್ಣದಂಶ ಬೇಕು. ಅತಿ ಮಳೆಗೆ ಎಲೆಚುಕ್ಕೆ ಬಂದು ಇಳುವರಿ ಕುಗ್ಗಿತು. ಆದರೂ ಸಾಲವಾಗಲಿಲ್ಲ.

ಅದೇ ವರ್ಷ ಸರ್ಕಾರ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದು, ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಎಂದಿತು. ಊರಿಗೆ ಕಾರುಗಳು ಬರತೊಡಗಿದವು. ಕೆಲಸ ಹೋಗಿ ಕೈ ಬರಿದಾದವರ ಮುಂದೆ ಆ ಹೊತ್ತಿನಲ್ಲಿ ಹಣ ಹಿಡಿದು ನಿಂತರೆ ಅದು ವ್ಯಾಪಾರವಲ್ಲ. ನಾವು ಮಾರಲಿಲ್ಲ, ಅವ್ವ ಪಹಣಿಯನ್ನು ಯಾರ ಕೈಗೂ ಕೊಡಲಿಲ್ಲ.

2021ರ ಎರಡನೇ ಅಲೆ ಇಳಿದ ಮೇಲೆ ಅಣ್ಣನೂ ಸೇರಿ ಬಹಳ ಮಂದಿ ಬೆಂಗಳೂರಿಗೆ ಹಿಂತಿರುಗಿದರು. ಊರಿನ ಹೊಲಗಳಲ್ಲಿ ಮತ್ತೆ ಜಾಲಿ ತಲೆ ಎತ್ತಿತು. ನಾನು ಉಳಿದೆ. ಪಕ್ಕದ ಹೊಲದ ಹಿರಿಯರು ಮಗನ ಮನೆಗೆ ಹೊರಡುವಾಗ, "ಜಾಲಿ ಬೆಳೆಯಲು ಬಿಡಬೇಡ, ನೀನೇ ಉತ್ತುಕೋ" ಎಂದು ಮೂರು ಎಕರೆ ಕೋರಿಗೆ, ಅಂದರೆ ಬೆಳೆಯ ಪಾಲಿನ ಲೆಕ್ಕಕ್ಕೆ, ಬಿಟ್ಟರು. ಎಲ್ಲ ಬಾಯಿಮಾತಿನಲ್ಲೇ, ಏಕೆಂದರೆ ನಮ್ಮ ರಾಜ್ಯದಲ್ಲಿ ಕೃಷಿ ಜಮೀನನ್ನು ಗೇಣಿಗೆ ಕೊಡುವುದಕ್ಕೆ ಕಾಯ್ದೆಯ ಒಪ್ಪಿಗೆಯಿಲ್ಲ. 2023ರ ಬರದಲ್ಲಿ ಬೆಳೆ ಒಣಗಿದ್ದು ನನ್ನದು, ಪರಿಹಾರ ಜಮೆಯಾದದ್ದು ಪಹಣಿಯಲ್ಲಿ ಹೆಸರಿದ್ದ ಅವರ ಖಾತೆಗೆ. ಹಣ ಬಂದ ದಿನವೇ ಅವರು ಫೋನ್ ಮಾಡಿ ನನಗೆ ಕಳುಹಿಸಿದರು. ಎಲ್ಲ ಮಾಲೀಕರೂ ಅವರಂತಿರುವುದಿಲ್ಲ.

ಆ ಮೂರು ಎಕರೆಗೆ ಇನ್ನೂ ಬದು ಹಾಕಿಸಲಾಗಿಲ್ಲ. ಹೊಲ ನನ್ನ ಹೆಸರಿನಲ್ಲಿಲ್ಲ, ಅರ್ಜಿ ಅವರೇ ಕೊಡಬೇಕು. ಯುಗಾದಿಗೆ ಬಂದಾಗ ಸಹಿ ಹಾಕುತ್ತೇನೆ ಎಂದಿದ್ದಾರೆ.