ಹಳೆ ಫೈಬರ್ ದೋಣಿಗೆ ಹೊಸ ಔಟ್‌ಬೋರ್ಡ್ ಇಂಜಿನ್ ಕೂರಿಸುವುದು

ನಮ್ಮ ಕರಾವಳಿಯ ಸಣ್ಣ ದೋಣಿಗಳಲ್ಲಿ 9.9 ಎಚ್‌ಪಿ ಇಂಜಿನ್ ಜಾಸ್ತಿ ಕಾಣಲು ಕಾರಣ ಇದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದಲ್ಲೂ 10 ಎಚ್‌ಪಿ ಒಳಗಿನ ಇಂಜಿನ್ ಇರುವ ನಾಡದೋಣಿಗೆ ಕಡಲಿಗೆ ಇಳಿಯಲು ಅವಕಾಶ ಉಂಟು. ಇಲ್ಲಿ ಬರೆದಿರುವುದು ಆ ಅಳತೆಯ ಇಂಜಿನ್ನಿಗೆ, ಹಿಂಬದಿ ಚಪ್ಪಟೆಯಾಗಿರುವ ಹಳೆ ಫೈಬರ್ ದೋಣಿಗೆ. ಎರಡೂ ತುದಿ ಚೂಪಾಗಿರುವ ದೋಣಿಯಲ್ಲಿ ಪಕ್ಕಕ್ಕೆ ಬ್ರಾಕೆಟ್ ಹಾಕಿ ಕಟ್ಟುತ್ತಾರಲ್ಲ, ಆ ಲೆಕ್ಕವೇ ಬೇರೆ.

ಹೊಸ ಇಂಜಿನ್ನಿನ ಪೆಟ್ಟಿಗೆ ಒಡೆಯುವ ಅವಸರ ಬೇಡ. ನೋಡಬೇಕಾದ್ದು ಇಂಜಿನ್ ಕೂರುವ ಹಿಂಬದಿ ಹಲಗೆಯನ್ನು, ಅಂದರೆ ಟ್ರಾನ್ಸಮ್ಮನ್ನು. ಹೊರಗಿನಿಂದ ಎಷ್ಟೇ ಚೆಂದ ಪೇಂಟ್ ಇದ್ದರೂ ಒಳಗಿರುವುದು ಪ್ಲೈವುಡ್. ಹಳೆ ಇಂಜಿನ್ನಿನ ಬೋಲ್ಟ್ ತೂತಿನಿಂದ ವರ್ಷಗಟ್ಟಲೆ ನೀರು ಇಳಿದಿದ್ದರೆ ಅದು ಒಳಗೊಳಗೇ ಕೊಳೆತಿರುತ್ತದೆ. ಹಳೆಯದು ಎರಡು ಸ್ಟ್ರೋಕ್, ಹೊಸದು ನಾಲ್ಕು ಸ್ಟ್ರೋಕ್ ಆಗಿದ್ದರೆ ಅಷ್ಟೇ ಎಚ್‌ಪಿಗೂ ತೂಕ ಜಾಸ್ತಿ. ಕೊಳೆತ ಹಲಗೆ ಅದನ್ನು ಎಷ್ಟು ದಿನ ಹೊತ್ತೀತು?

ಪರೀಕ್ಷೆ ಕಷ್ಟದ್ದಲ್ಲ. ಹಳೆ ಇಂಜಿನ್ ಬಿಚ್ಚುವ ಮೊದಲೇ ಅದರ ಕಾಲು, ಅಂದರೆ ನೀರಿಗೆ ಇಳಿಯುವ ಕೆಳಭಾಗ, ಹಿಡಿದು ಮೇಲೆ ಕೆಳಗೆ ಜಗ್ಗಿ, ಇನ್ನೊಬ್ಬರಿಗೆ ಹಲಗೆಯ ಮೇಲಂಚು ನೋಡಲು ಹೇಳಿ. ಹಲಗೆ ಬಾಗಿದರೆ, ಮೂಲೆಯಲ್ಲಿ ಕೂದಲೆಳೆಯ ಬಿರುಕು ಬಾಯಿ ಬಿಟ್ಟರೆ, ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಆಮೇಲೆ ಇಂಜಿನ್ ಇಳಿಸಿ, ತೆಂಗಿನಕಾಯಿ ಬಡಿದು ನೋಡುವ ಹಾಗೆ ಸುತ್ತಿಗೆಯ ಹಿಡಿಯಿಂದ ಇಡೀ ಹಲಗೆಯನ್ನು ತಟ್ಟುತ್ತಾ ಹೋಗಿ. ಗಟ್ಟಿ ಇರುವಲ್ಲಿ ಟಕ್ ಟಕ್ ಅನ್ನುತ್ತದೆ, ಕೊಳೆತಲ್ಲಿ ಸದ್ದೇ ಸತ್ತಿರುತ್ತದೆ. ಇನ್ನೂ ಅನುಮಾನವೇ? ಒಳಬದಿಯಿಂದ, ಸ್ವಲ್ಪ ಕೆಳಗೆ, 4 ಮಿ.ಮೀ. ಬಿಟ್‌ನಲ್ಲಿ ಎರಡು ಮೂರು ಕಡೆ ತೂತು ಹಾಕಿ, ಹೊರಗಿನ ಪದರಕ್ಕೆ ತೂತು ಬೀಳದಷ್ಟು ಆಳಕ್ಕೆ ಮಾತ್ರ. ಬಂದ ಪುಡಿ ಒಣಗಿ ಮರದ ಬಣ್ಣದಲ್ಲಿದ್ದರೆ ಒಳ್ಳೆಯದು. ಕಪ್ಪಗೆ, ಒದ್ದೆಯಾಗಿ, ಹಿಟ್ಟಿನ ಥರ ಬಂದರೆ ಇಂಜಿನ್ ಕೆಲಸ ಅಲ್ಲಿಗೇ ನಿಲ್ಲಿಸಿ.

ಕೊಳೆತಿದ್ದರೆ ಮೇಲೊಂದು ಅಲ್ಯುಮಿನಿಯಂ ತಗಡು ಬಡಿದು ಮುಚ್ಚುವವರಿದ್ದಾರೆ. ದಯವಿಟ್ಟು ಬೇಡ. ಒಳಬದಿಯ ಫೈಬರ್ ಪದರ ಕತ್ತರಿಸಿ, ಕೊಳೆತದ್ದನ್ನೆಲ್ಲ ಕೆತ್ತಿ ತೆಗೆದು, ಒಣಗಲು ಬಿಟ್ಟು, ಐಎಸ್ 710 ಗುರುತಿನ ಮೆರೈನ್ ಪ್ಲೈವುಡ್ಡನ್ನು ಎಪಾಕ್ಸಿಯಲ್ಲಿ ಅಂಟಿಸಿ ಮೇಲೆ ಫೈಬರ್ ಮ್ಯಾಟ್ ಹಾಕಬೇಕು. ಅಗ್ಗ ಅಂತ ಮಾಮೂಲಿ ಪಾಲಿಯೆಸ್ಟರ್ ರೆಸಿನ್ ತರುವುದು ಉಂಟು, ಆದರೆ ಹಳೆ ಫೈಬರ್ ಮೇಲೆ ಎಪಾಕ್ಸಿ ಹಿಡಿದಷ್ಟು ಗಟ್ಟಿಯಾಗಿ ಅದು ಹಿಡಿಯುವುದಿಲ್ಲ. ಯಾವುದನ್ನು ಹಾಕಿದರೂ ಮೊದಲು ಚೆನ್ನಾಗಿ ಉಜ್ಜಿ ಮೇಲ್ಮೈ ಒರಟು ಮಾಡಲೇಬೇಕು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಹಲಗೆ ಗಟ್ಟಿ ಇದೆ ಅಂತಾದ ಮೇಲೆ ಎತ್ತರದ ಲೆಕ್ಕ. ಇದನ್ನು ಇಂಜಿನ್ ಕೊಳ್ಳುವ ಮೊದಲೇ ಮಾಡಿರಬೇಕಿತ್ತು, ಅಲ್ವಾ. ಹಲಗೆಯ ಮೇಲಂಚಿನ ಮಧ್ಯದಿಂದ ದೋಣಿಯ ತಳದವರೆಗೆ ನೇರವಾಗಿ ಅಳೆಯಿರಿ. ಸುಮಾರು 15 ಇಂಚು ಇದ್ದರೆ ಶಾರ್ಟ್ ಶಾಫ್ಟ್ (ಗಿಡ್ಡ ಕಾಲಿನ) ಇಂಜಿನ್, 20 ಇಂಚು ಇದ್ದರೆ ಲಾಂಗ್ ಶಾಫ್ಟ್ (ಉದ್ದ ಕಾಲಿನ) ಇಂಜಿನ್. ಹಳೆ ದೋಣಿಗಳು ಇದ್ಯಾವುದಕ್ಕೂ ಸರಿಯಾಗಿ ಹೊಂದುವುದಿಲ್ಲ, 17 ಇಂಚು 18 ಇಂಚು ಅಂತ ಎಲ್ಲೋ ಮಧ್ಯದಲ್ಲಿ ನಿಲ್ಲುತ್ತವೆ. ಆಗ ಲಾಂಗ್ ಶಾಫ್ಟ್ ತೆಗೆದುಕೊಂಡು ಹಲಗೆಯ ಮೇಲೆ ಗಟ್ಟಿ ಮರದ ತುಂಡು ಸೇರಿಸಿ ಎತ್ತರಿಸುವುದು ಸುಲಭದ ದಾರಿ.

ಫ್ಯಾನಿನ, ಅಂದರೆ ಪ್ರೊಪೆಲ್ಲರಿನ, ಮೇಲೆ ಅಡ್ಡಕ್ಕೆ ಒಂದು ಚಪ್ಪಟೆ ರೆಕ್ಕೆ ಇರುತ್ತದಲ್ಲ, ಅದೇ ನಿಮ್ಮ ಗುರುತು. ಅದು ದೋಣಿಯ ತಳಕ್ಕೆ ಸಮನಾಗಿ, ಅಥವಾ ಒಂದು ಇಂಚಿನವರೆಗೆ ಕೆಳಗೆ ಇರಬೇಕು. ಮೇಲಾದರೆ ಫ್ಯಾನ್ ಗಾಳಿ ಎಳೆದುಕೊಂಡು ಇಂಜಿನ್ ಸುಮ್ನೆ ಕಿರುಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ತೀರಾ ಕೆಳಗಾದರೆ ನೀರು ಎರಚಿ, ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ. ಅಳಿವೆ ದಾಟುವಾಗ ಅಲೆಗೆ ಹಿಂಬದಿ ಎದ್ದೇಳುವ ಕಡೆ ಓಡಿಸುವುದಾದರೆ ನಾನು ಆ ಒಂದು ಇಂಚು ಕೆಳಗೇ ಇಡುವ ಪಕ್ಷ.

ಮಧ್ಯದ ಗೆರೆಯನ್ನು ಎರಡು ಮೂಲೆಗಳಿಂದ ಸಮ ಅಳೆದು ಹಾಕಿ, ಕೆಳಗೆ ಕೀಲ್‌ಗೂ (ತಳದ ನಡುವೆ ಉದ್ದಕ್ಕೆ ಇರುವ ದಿಂಡು) ಹೊಂದಿಸಿ ನೋಡಿ. ಇಬ್ಬರು ಸೇರಿ ಇಂಜಿನ್ ಎತ್ತಿ ಕೂರಿಸಿ, ಮೊದಲು ಅದಕ್ಕೊಂದು ಗಟ್ಟಿ ಹಗ್ಗ ಕಟ್ಟಿ. ಕ್ಲಾಂಪಿನ ಎರಡು ಸ್ಕ್ರೂಗಳನ್ನು ಕೈಯಲ್ಲೇ ಬಿಗಿ ಮಾಡಿ.

ಬರೀ ಕ್ಲಾಂಪ್ ನಂಬಿ ಓಡಿಸಬೇಡಿ. ನಡುಕಕ್ಕೆ ಅದು ನಿಧಾನಕ್ಕೆ ಸಡಿಲವಾಗುತ್ತದೆ, ಇಂಜಿನ್ ನೀರಿಗೆ ಬಿದ್ದ ಮೇಲೆ ಗೊತ್ತಾಗಿ ಪ್ರಯೋಜನ ಇಲ್ಲ. ಬ್ರಾಕೆಟ್‌ನಲ್ಲಿರುವ ತೂತುಗಳಲ್ಲಿ 316 ಗ್ರೇಡಿನ ಸ್ಟೀಲ್ ಬೋಲ್ಟ್ ಹಾಕಬೇಕು. 8 ಮಿ.ಮೀ. ಬೋಲ್ಟ್ ಆದರೆ ಗುರುತು ಹಾಕಿಕೊಂಡು, ಇಂಜಿನ್ ಇಳಿಸಿ, 12 ಮಿ.ಮೀ. ತೂತು ಕೊರೆದು, ಅದನ್ನು ದಪ್ಪಗೆ ಕಲಸಿದ ಎಪಾಕ್ಸಿಯಿಂದ ಪೂರ್ತಿ ತುಂಬಿ. ಮರುದಿನ ಗಟ್ಟಿಯಾದ ಮೇಲೆ ಅದರ ನಡುವೆ 8 ಮಿ.ಮೀ. ಕೊರೆಯಿರಿ. ಈಗ ಬೋಲ್ಟಿನ ಸುತ್ತ ಇರುವುದು ಎಪಾಕ್ಸಿ. ನೀರು ನುಗ್ಗಿದರೂ ಪ್ಲೈವುಡ್ ಮುಟ್ಟುವುದಿಲ್ಲ. ಒಂದು ದಿನ ಜಾಸ್ತಿ ಹಿಡಿಯುತ್ತದೆ ಅಂತ ಹೆಚ್ಚಿನವರು ಇದನ್ನು ಬಿಡುತ್ತಾರೆ, ಹಲಗೆ ಕೊಳೆಯುವುದು ಶುರುವಾಗುವುದೂ ಅಲ್ಲಿಂದಲೇ. ಬೋಲ್ಟಿನ ಸುತ್ತ ಸೀಲ್ ಮಾಡಲು ಮೆರೈನ್ ಪಾಲಿಯುರಿಥೇನ್ ಹಾಕಿ, ಬಾತ್‌ರೂಮಿನ ಸಿಲಿಕೋನ್ ಬೇಡ. ಒಳಗೆ ಅಗಲದ ವಾಷರ್, ನೈಲಾನ್ ಲಾಕ್ ನಟ್. ಹಲಗೆ ಜಜ್ಜಿಹೋಗುವಷ್ಟು ಬಿಗಿ ಮಾಡಬಾರದು.

ಪೆಟ್ರೋಲ್ ಪೈಪ್ ಹಳೆಯದನ್ನೇ ಹಾಕುವ ಆಸೆ ಬಿಡಿ. ಈಗ ಬಂಕ್‌ನಲ್ಲಿ ಸಿಗುವುದು ಇ20, ಅದರಲ್ಲಿರುವ ಎಥನಾಲ್ ಹಳೆ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ನೀರು ಬೇರ್ಪಡಿಸುವ ಫಿಲ್ಟರ್ ಒಂದು ಮಧ್ಯದಲ್ಲಿ ಇರಲಿ. ಪೈಪಿನಲ್ಲಿರುವ, ಕೈಯಲ್ಲಿ ಒತ್ತುವ ರಬ್ಬರ್ ಬಲ್ಬಿನ ಮೇಲಿನ ಬಾಣ ಇಂಜಿನ್ ಕಡೆಗೆ ಇರಬೇಕು. ದೋಣಿ ವಾರಗಟ್ಟಲೆ ನಿಲ್ಲುವುದಾದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಡಬೇಡಿ.

ಆಯಿಲ್ ವಿಷಯ ಹುಷಾರು. ನಾಲ್ಕು ಸ್ಟ್ರೋಕ್ ಇಂಜಿನ್ ಸಾಮಾನ್ಯವಾಗಿ ಆಯಿಲ್ ಇಲ್ಲದೆ ಬರುತ್ತದೆ. ಡಿಪ್‌ಸ್ಟಿಕ್ ನೋಡದೆ ಸ್ಟಾರ್ಟ್ ಹಗ್ಗ ಎಳೆದರೆ ಅಲ್ಲೇ ಕತೆ ಮುಗಿಯುತ್ತದೆ. ಎರಡು ಸ್ಟ್ರೋಕ್ ಆದರೆ ಟಿಸಿ-ಡಬ್ಲ್ಯು3 ಗುರುತಿನ ಆಯಿಲ್ ಬೇಕು, ಬೈಕಿನ 2ಟಿ ಅಲ್ಲ. ಅದನ್ನು ಪೆಟ್ರೋಲಿಗೆ ಬೆರೆಸುವ ಲೆಕ್ಕ ಹೊಸದರಲ್ಲಿ ಮೊದಲ 10 ಗಂಟೆ ಸಾಮಾನ್ಯವಾಗಿ 25:1, ಅಂದರೆ ಲೀಟರಿಗೆ 40 ಮಿ.ಲೀ., ಆಮೇಲೆ 50:1. ಇಂಜಿನ್ ಜೊತೆ ಬರುವ ಪುಸ್ತಕದಲ್ಲಿ ಬೇರೆ ಬರೆದಿದ್ದರೆ ಅದೇ ಸರಿ.

ಮೊದಲ ಸ್ಟಾರ್ಟ್ ಡ್ರಮ್ಮಿನ ನೀರಿನಲ್ಲೋ ಹೊಳೆಯಲ್ಲೋ ಮಾತ್ರ. ಒಣಗಿದ್ದಾಗ ಓಡಿಸಿದರೆ ಇಂಜಿನ್ ತಣಿಸಲು ನೀರು ಎಳೆಯುವ ಪಂಪಿನ ರಬ್ಬರ್ ಇಂಪೆಲ್ಲರ್ (ಒಳಗೆ ತಿರುಗುವ ಚಕ್ರ) ಕೆಲವೇ ಕ್ಷಣದಲ್ಲಿ ಹಾಳು. ಇಂಜಿನ್ ಹತ್ತಿದ ಕೂಡಲೇ ಹಿಂದೆ ಸಣ್ಣ ತೂತಿನಿಂದ ನೀರು ಚಿಮ್ಮಬೇಕು, ಬಾರದಿದ್ದರೆ ಆಫ್ ಮಾಡಿ. ನಿಲ್ಲಿಸುವ ಕೆಂಪು ದಾರವನ್ನು ಕೈಗೆ ಕಟ್ಟಿಕೊಳ್ಳುವ ಅಭ್ಯಾಸ ಅಂದಿನಿಂದಲೇ ಆಗಲಿ.

ಮೊದಲ ಗಂಟೆ ಫುಲ್ ಗ್ಯಾಸ್ ಬೇಡ. ಹೊಂದಿಕೊಂಡ ಮೇಲೆ, ಬಲೆ ಮತ್ತು ಜನ ತುಂಬಿಸಿಕೊಂಡು ಪೂರ್ತಿ ಗ್ಯಾಸ್‌ನಲ್ಲಿ ಆರ್‌ಪಿಎಂ ನೋಡಿ. ಸ್ಪಾರ್ಕ್ ಪ್ಲಗ್ ವೈರಿಗೆ ಸುತ್ತುವ ಸಣ್ಣ ಮೀಟರ್ ಸಾಕು. ಪುಸ್ತಕದಲ್ಲಿ ಕೊಟ್ಟ ಮಿತಿ ತಲುಪದಿದ್ದರೆ ಫ್ಯಾನಿನ ಪಿಚ್, ಅಂದರೆ ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ದೂರದ ಅಳತೆ, ಜಾಸ್ತಿ ಆಯಿತು ಎಂದರ್ಥ. ಒಂದು ಇಂಚು ಪಿಚ್ ಇಳಿಸಿದರೆ 150-200 ಆರ್‌ಪಿಎಂ ಏರುತ್ತದೆ.

ಉಪ್ಪುನೀರಿನಿಂದ ಬಂದ ಮೇಲೆ ಸಿಹಿನೀರಿನಲ್ಲಿ ಓಡಿಸಿ ತೊಳೆಯಿರಿ. ಕಾಲಿನಲ್ಲಿರುವ ಸತುವಿನ ತುಂಡಿಗೆ ಪೇಂಟ್ ಬಳಿಯಬೇಡಿ, ಅದು ತಾನು ಸವೆದು ಇಂಜಿನ್ ಉಳಿಸಲು ಇರುವುದು. ದೋಣಿಯ ದಾಖಲೆಯಲ್ಲಿ ಇಂಜಿನ್ ನಂಬರ್ ಬದಲಾಯಿಸಲು ಮೀನುಗಾರಿಕೆ ಇಲಾಖೆಯ ಕಚೇರಿಗೆ ಬಿಲ್ ಹಿಡಿದು ಹೋಗಿ. ಮೊದಲ ಕೆಲವು ಓಟದ ನಂತರ ಪ್ರತಿ ಸಲ ಸ್ಪ್ಯಾನರ್ ಹಾಕಿ ಬೋಲ್ಟ್ ನೋಡಿ, ಹಲಗೆ ಸ್ವಲ್ಪ ಕುಗ್ಗುವುದರಿಂದ ಅರ್ಧ ಸುತ್ತು ತಿರುಗಿಸಬೇಕಾಗಬಹುದು. ಪದೇ ಪದೇ ಸಡಿಲವಾಗುತ್ತಲೇ ಇದ್ದರೆ ಬಿಗಿ ಮಾಡುತ್ತಾ ಹೋಗಬೇಡಿ, ಇಂಜಿನ್ ಇಳಿಸಿ ಹಲಗೆಯನ್ನು ಇನ್ನೊಮ್ಮೆ ತಟ್ಟಿ ನೋಡಿ.